ಹಾರಲು ಬಾರದ ಸೂಪರ್‌ಮ್ಯಾನ್ ಮತ್ತು ನನ್ನ ಮೂವತ್ತು ಪುಟ

ಸೂಪರ್‌ಮ್ಯಾನ್ ಕಥೆಯನ್ನು ಕನ್ನಡ ಚಿತ್ರಕಥೆಯಾಗಿ ಬರೀತೀನಿ, ಆದರೆ ಊರು ಬದಲಿಸಲ್ಲ ಅಂದಾಗ ನಮ್ಮ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. "ಮಂಡ್ಯಕ್ಕೆ ತಂದುಬಿಡು ಮಾರಾಯಾ, ಪಂಚೆ ಉಡಿಸು, ಜನ ಬಿದ್ದು ಬಿದ್ದು ನಗ್ತಾರೆ" ಅಂದರು. ನಗ್ತಾರೆ ಅನ್ನೋದೇ ತೊಂದರೆ. ಆ ಕರಡನ್ನೂ ಬರೆದು ನೋಡಿದ್ದೆ. ಮೊದಲ ಹತ್ತು ಪುಟ ಭರ್ಜರಿ. ಆಮೇಲೆ ನಾಯಕನ ಅಪ್ಪ ಸಾಯುವ ಸೀನಿಗೂ ನಗು ಬಂತು. ಅಲ್ಲಿಗೆ ಅದನ್ನು ಕೈಬಿಟ್ಟೆ.

ಈಗಿನ ಸಿನಿಮಾಗಳ ಸೂಪರ್‌ಮ್ಯಾನ್ ಇಟ್ಟುಕೊಂಡರೂ ಕಷ್ಟವೇ. ಹಾರ್ತಾನೆ, ಕಣ್ಣಲ್ಲೇ ಸುಡ್ತಾನೆ. ಅವನಿಗೆ ಸರಿಜೋಡಿ ಎದುರಾಳಿ ಹುಡುಕುವಷ್ಟರಲ್ಲಿ ಇಂಟರ್ವಲ್ ಬಂದಿರುತ್ತೆ. ಹಾಗಾಗಿ ಅವನು ಮೊದಲು ಕಾಣಿಸಿಕೊಂಡ 1938ರ ಕಾಮಿಕ್ಸಿಗೆ ಹೋದೆ. ಕ್ಲೀವ್‌ಲ್ಯಾಂಡಿನ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬಿಬ್ಬರು ಹುಡುಗರು 130 ಡಾಲರಿಗೆ ಹಕ್ಕು ಬರೆದುಕೊಟ್ಟ ಸೂಪರ್‌ಮ್ಯಾನ್ ಅದು. ಅವನಿಗೆ ಹಾರಲು ಬರಲ್ಲ, ಒಂದು ನೆಗೆತಕ್ಕೆ ಇನ್ನೂರು ಮೀಟರ್, ಅಷ್ಟೇ. ಅವನ ಶಕ್ತಿ ಕುಗ್ಗಿಸುವ ಕಲ್ಲು ಕ್ರಿಪ್ಟೊನೈಟ್ ಇನ್ನೂ ಹುಟ್ಟಿಲ್ಲ, ಅದು ಬಂದಿದ್ದು 1943ರಲ್ಲಿ, ರೇಡಿಯೊ ನಾಟಕದಿಂದ. ಅವನ ಜಗಳ ಅನ್ಯಗ್ರಹದವರ ಜೊತೆಯಲ್ಲ. ಹೆಂಡತಿಗೆ ಹೊಡೆಯುವ ಗಂಡ, ಗಣಿ ಮಾಲೀಕ, ಇಂಥವರ ಜೊತೆ. ಮೊದಲ ವರ್ಷದ ಆಚೆಗಿನ ಒಂದು ಶಕ್ತಿಯನ್ನೂ ಮುಟ್ಟಲ್ಲ ಅಂತ ನಾನೇ ನಿಯಮ ಹಾಕಿಕೊಂಡೆ.

ಎತ್ತಿಕೊಂಡಿದ್ದು ಆ ಕಾಮಿಕ್ಸಿನ ಮೂರನೇ ಸಂಚಿಕೆ. ಗಣಿ ಕುಸಿದು ಕೂಲಿಯೊಬ್ಬನ ಮೈ ಜಖಂ ಆಗುತ್ತೆ, ಮಾಲೀಕ ಅವನದೇ ತಪ್ಪು ಅಂತಾನೆ. ಅದೇ ಮಾಲೀಕ ಮನೆಯಲ್ಲಿ ಪಾರ್ಟಿ ಮಾಡಿ, ಮೋಜಿಗೆ ಅತಿಥಿಗಳನ್ನು ಗಣಿಯೊಳಗೆ ಕರೆದೊಯ್ದಾಗ, ಕೂಲಿಯ ವೇಷದಲ್ಲಿದ್ದ ನಮ್ಮವನು ಗಣಿಯ ಬಾಯಿ ಮುಚ್ಚಿ ಎಲ್ಲರನ್ನೂ ಒಳಗೇ ಕೂಡಿಹಾಕ್ತಾನೆ. ಒಂದೇ ಸೆಟ್, ಕತ್ತಲು, ಏಳೆಂಟು ಜನ. ಗ್ರಾಫಿಕ್ಸ್ ಖರ್ಚು ಸೊನ್ನೆ. ಕೇಪನ್ನೂ ತೆಗೆದುಹಾಕಿದೆ.

ಡೈಲಾಗು ಮಾತ್ರ ಜೀವ ತಿಂತು. ಗ್ರಂಥಸ್ಥವಾಗಿ ಬರೆದರೆ ಡಬ್ಬಿಂಗ್ ವಾಸನೆ, ಯಾವುದಾದರೂ ಸೀಮೆಯ ಮಾತು ಕೊಟ್ಟರೆ ಮತ್ತೆ ಪಂಚೆ ಕಥೆ. ಕೊನೆಗೆ ವಾಕ್ಯ ಚಿಕ್ಕದು ಮಾಡಿ, ಸೀಮೆಯ ಗುರುತೆಲ್ಲ ಒರೆಸಿ, ಭಾರವನ್ನೆಲ್ಲ ಏಕವಚನ ಬಹುವಚನದ ಮೇಲೆ ಹೇರಿದೆ.

ಮಾಲೀಕ: ಏಯ್, ಆ ಗಂಟೆ ಹಗ್ಗ ಎಳಿ.
ಕೂಲಿ: ಎಳೆದೆ, ಧಣಿ.
ಮಾಲೀಕ: ಇನ್ನೊಂದ್ಸಲ ಎಳಿಯೋ!
ಕೂಲಿ: ಏನ್ ಎಳೀಲಿ ಧಣಿ, ಹಗ್ಗ ಪೂರ್ತಿ ನನ್ನ ಕೈಯಲ್ಲೇ ಇದೆ.

ಎಂಟು ಪುಟ ಆದಮೇಲೆ ಅದೇ ಮಾಲೀಕ ಕತ್ತಲಲ್ಲಿ ಅದೇ ಕೂಲಿಗೆ "ಎಲ್ಲಿ ಅಗೀಬೇಕು ಹೇಳಿ, ನಿಮಗೆ ಗೊತ್ತಿರುತ್ತಲ್ಲ" ಅಂತಾನೆ. ಸೂಪರ್‌ಮ್ಯಾನ್ ಬಂಡೆ ಎತ್ತುವುದಕ್ಕಿಂತ ದೊಡ್ಡ ಸೀನು ಅದು, ನನ್ನ ಮಟ್ಟಿಗೆ. ಅಮೆರಿಕದ ಗಣಿಯೊಳಗೆ 'ಧಣಿ' ಎಲ್ಲಿಂದ ಬಂದ ಅಂತ ಇವತ್ತಿನವರೆಗೆ ಯಾರೂ ಕೇಳಿಲ್ಲ. ಆ ಎಂಟು ಪುಟದ ನಡುವೆ ವಚನ ಯಾವ ಸಾಲಲ್ಲಿ, ಹೇಗೆ ಜಾರುತ್ತೆ ಅನ್ನೋದು ನನ್ನ ಹತ್ತಿರವೇ ಇರಲಿ.

ಗಣಿಯ ಒಳಗಿನ ವಿವರಕ್ಕೆ ಕೆ.ಜಿ.ಎಫ್‌ಗೆ ಹೋಗಿದ್ದೆ. 2001ರಲ್ಲಿ ಗಣಿ ಮುಚ್ಚುವವರೆಗೂ ದುಡಿದ ಹಿರಿಯರೊಬ್ಬರು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಒಂದು ಮಾತು ಹೇಳಿದರು: "ಲೈಟ್ ಹೋದ್ರೆ ಕೂಗಬಾರ್ದು ಸಾರ್, ಕೇಳ್ಬೇಕು. ಕಲ್ಲು ಮೊದ್ಲು ಸದ್ದು ಮಾಡುತ್ತೆ." ಅತಿಥಿಗಳೆಲ್ಲ ಕಿರುಚಾಡುವಾಗ ಒಬ್ಬ ಕೂಲಿ ಮಾತ್ರ ಗೋಡೆಗೆ ಕಿವಿ ಇಟ್ಟು ಕೂತಿರುವ ಶಾಟು ಹುಟ್ಟಿದ್ದು ಅಲ್ಲಿ.

ದುಡ್ಡಿನ ಲೆಕ್ಕ ಹೇಳ್ತೀನಿ. ಇಪ್ಪತ್ತು ಸಾವಿರದ ಹತ್ತಿರ ಕೊಟ್ಟು ತಗೊಂಡ ಸ್ಕ್ರಿಪ್ಟ್ ಸಾಫ್ಟ್‌ವೇರ್ ಒಂದು ಪಿ.ಡಿ.ಎಫ್. ಮಾಡುವಾಗ ಒತ್ತಕ್ಷರಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿತು. ಈಗ ಫೌಂಟನ್ ಫಾರ್ಮ್ಯಾಟಲ್ಲಿ ಬರೀತೀನಿ, ಬರೀ ಟೆಕ್ಸ್ಟ್ ಫೈಲು, ಪುಕ್ಕಟೆ. ಸ್ಪರ್ಧೆಯೊಂದಕ್ಕೆ ಕಟ್ಟಿದ ಎರಡೂವರೆ ಸಾವಿರ ಹೋಯಿತು, "ಬೇರೆಯವರ ಪಾತ್ರ" ಅಂತ ಓದದೇ ವಾಪಸ್ ಕಳಿಸಿದರು. ಅವರ ಮಾತೂ ಸುಳ್ಳಲ್ಲ. ಆ ಮೊದಲ ಸಂಚಿಕೆಗೇ ಅಮೆರಿಕದಲ್ಲಿ ಹಕ್ಕು ಬಿಡುಗಡೆ 2034ಕ್ಕೆ, ಅಲ್ಲಿಯವರೆಗೆ ಇದನ್ನು ಮಾರುವ ಮಾತೇ ಇಲ್ಲ.

ಚಿತ್ರಕಥೆಯ ಒಂದು ಪುಟ ಅಂದರೆ ತೆರೆಯ ಮೇಲೆ ಒಂದು ನಿಮಿಷ ಅನ್ನೋ ಲೆಕ್ಕವನ್ನೂ ನಂಬಬೇಡಿ. ನಮ್ಮ ಅಕ್ಷರಕ್ಕೆ ಮೇಲೆ ಕೆಳಗೆ ಜಾಗ ಬೇಕು, ಪುಟದಲ್ಲಿ ಮಾತು ಕಡಿಮೆ ಹಿಡಿಯುತ್ತೆ. ಗಟ್ಟಿಯಾಗಿ ಓದಿಸಿ ಗಡಿಯಾರ ನೋಡಿದೆ: ಪುಟಕ್ಕೆ ನಲವತ್ತು, ನಲವತ್ತೈದು ಸೆಕೆಂಡು.

ನಡುವೆ ಎಚ್.ಜಿ. ವೆಲ್ಸ್‌ನ ಅದೃಶ್ಯ ಮನುಷ್ಯನನ್ನೂ ಕೆಣಕಿದೆ. ಅದು 1897ರದ್ದು, ಹಕ್ಕಿನ ತಾಪತ್ರಯ ಇಲ್ಲ. ವೆಲ್ಸ್ ಇಟ್ಟ ಕಷ್ಟಗಳು ಅದ್ಭುತ: ಉಂಡ ಅನ್ನ ಕರಗುವ ತನಕ ಹೊಟ್ಟೆಯಲ್ಲಿ ಕಾಣುತ್ತೆ, ರೆಪ್ಪೆಯೂ ಪಾರದರ್ಶಕ, ಕಣ್ಣು ಮುಚ್ಚಿದರೂ ಲೋಕ ಕಾಣುತ್ತೆ. ನಿದ್ದೆ ಬಾರದವನೊಬ್ಬನ ಹನ್ನೆರಡು ಪುಟ ಬರೆದಿಟ್ಟಿದ್ದೇನೆ. ಕ್ಯಾಮೆರಾಗೆ ಆಗಲ್ಲ, ಆಡಿಯೊಗೆ ಆದೀತು.

ಗಣಿ ಸ್ಕ್ರಿಪ್ಟಿನ ರೀಡಿಂಗ್ ನಡೆದಿದ್ದು ಜಯನಗರದ ಒಂದು ಮಹಡಿ ಕೋಣೆಯಲ್ಲಿ. ಬಾಡಿಗೆ, ಜೆರಾಕ್ಸ್, ಬಿರಿಯಾನಿ ಸೇರಿ ಐದು ಸಾವಿರದ ಆಸುಪಾಸು. ಓದಿದವರೆಲ್ಲ ಹವ್ಯಾಸಿ ರಂಗದವರು. ಹಗ್ಗದ ಸಾಲಿಗೆ ಕೋಣೆ ನಕ್ಕಿತು. "ಹೇಳಿ" ಬಂದಾಗ ಯಾರೂ ನಗಲಿಲ್ಲ. ಮಂಡ್ಯಕ್ಕೆ ತಾ ಅಂದಿದ್ದವರು ಪ್ರತಿ ಕೇಳಿ ತಗೊಂಡು ಹೋದರು. ಕೇಳಲು ಬಂದಿದ್ದ ನಿರ್ದೇಶಕರೊಬ್ಬರು ಮಾರನೇ ವಾರ ಸ್ವಂತ ಕಥೆ ಬರೆಯಲು ಕರೆದು ಇಪ್ಪತ್ತೈದು ಸಾವಿರ ಅಡ್ವಾನ್ಸ್ ಕೊಟ್ಟರು. ಸಾಫ್ಟ್‌ವೇರ್ ದುಡ್ಡು ವಾಪಸ್ ಬಂತು.

ಈಗ ಎಂಟನೇ ಸಂಚಿಕೆ ಹಿಡಿದಿದ್ದೇನೆ. ಸರ್ಕಾರ ಹೊಸ ಮನೆ ಕಟ್ಟಿಕೊಡಲಿ ಅಂತ ಸೂಪರ್‌ಮ್ಯಾನ್ ಹಳೇ ಕೊಳೆಗೇರಿಯನ್ನೇ ಕೆಡವಿ ಹಾಕುವ ಕಥೆ. ಕೆಡವುವ ಮುಂಚೆ ಅವನು ಯಾರ ಮನೆ ಬಾಗಿಲು ತಟ್ಟುತ್ತಾನೆ ಅನ್ನುವಲ್ಲಿ ನಿಂತಿದ್ದೇನೆ.