ಲೈಸೆನ್ಸ್ ಬೇಡದ ಏರ್ ಗನ್ನಿಗೂ ಕಾನೂನಿದೆ: ಮುಂಬೈ, ಪುಣೆ, ಗೋವಾದಲ್ಲಿ ಮಕ್ಕಳ ಕೈಗೆ ಕೊಡುವ ಮುನ್ನ

1959ರ ಶಸ್ತ್ರಾಸ್ತ್ರ ಕಾಯ್ದೆ ಬಂದೂಕು ಎಂದರೇನು ಎಂದು ಹೇಳುವಾಗ ಸಿಡಿಮದ್ದಿನ ಮಾತಷ್ಟೇ ಆಡುವುದಿಲ್ಲ. ಸ್ಫೋಟಕದಿಂದಾಗಲಿ, ‘ಬೇರೆ ಬಗೆಯ ಶಕ್ತಿ’ಯಿಂದಾಗಲಿ ಗುಂಡು ಚಿಮ್ಮಿಸುವ ಆಯುಧವೆಲ್ಲ ಅದರ ಲೆಕ್ಕದಲ್ಲಿ ಬಂದೂಕೇ. ಒತ್ತಿದ ಗಾಳಿಯೂ ಆ ಬೇರೆ ಬಗೆಯ ಶಕ್ತಿಯೇ. ಅಂದರೆ ಏರ್ ಗನ್ ಆಟಿಕೆಯಾಗಿ ಹುಟ್ಟಿ ಆಮೇಲೆ ಕಾನೂನಿನ ಕೈಗೆ ಸಿಕ್ಕಿದ ವಸ್ತುವಲ್ಲ. ಬಂದೂಕುಗಳ ಸಾಲಿನಲ್ಲೇ ನಿಂತು, ಕಡಿಮೆ ಶಕ್ತಿಯದ್ದು ಎಂಬ ಕಾರಣಕ್ಕೆ ಲೈಸೆನ್ಸಿನಿಂದ ವಿನಾಯಿತಿ ಪಡೆದ ವಸ್ತು. ಬೇಸಿಗೆ ರಜೆಗೆ ಊರಿಗೆ ಹೋದ ಹುಡುಗ ವಾಪಸಾಗುವಾಗ ಮಾವನ ಛರ್ರಾ ಬಂದೂಕನ್ನು, ಅಂದರೆ ಏರ್ ಗನ್ನನ್ನು, ಬ್ಯಾಗಿಗೆ ತುರುಕಿಕೊಂಡು ಡೊಂಬಿವಲಿಗೋ ವಾಸ್ಕೋಗೋ ತಂದರೆ, ಅವನು ತಂದಿರುವುದು ಇಂಥ ಆಯುಧವನ್ನು.

ವಿನಾಯಿತಿಯ ಗೆರೆ ಎಲ್ಲಿದೆ

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಎರಡು ಅಳತೆಗಳಿವೆ. ನಳಿಗೆಯ ಒಳವ್ಯಾಸ 4.5 ಮಿಲಿಮೀಟರ್, ಅಂದರೆ 0.177 ಇಂಚು ಮೀರಬಾರದು. ಗುಂಡು ನಳಿಗೆಯ ಬಾಯಿ ಬಿಡುವಾಗಿನ ಶಕ್ತಿ 20 ಜೂಲ್ ಮೀರಬಾರದು. ಎರಡರೊಳಗೂ ಇದ್ದರೆ ಲೈಸೆನ್ಸ್ ಬೇಡ. ಒಂದು ಮೀರಿದರೂ ಬೇಕು. ಊರಿನ ತೋಟಗಳಲ್ಲಿ ಮಂಗ ಓಡಿಸಲು ಇಟ್ಟುಕೊಂಡಿರುವ ಹಳೆಯ ಏರ್ ರೈಫಲ್‌ಗಳಲ್ಲಿ 5.5 ಮಿಲಿಮೀಟರಿನವೂ ಇರುತ್ತವೆ. ಅಂಗಡಿಯವರು ‘ಟೂ ಟೂ’ (0.22 ಇಂಚು) ಎನ್ನುವುದು ಇದಕ್ಕೇ. ಅದರ ಸ್ಪ್ರಿಂಗ್ ಎಷ್ಟೇ ಸಡಿಲಾಗಿರಲಿ, ಲೈಸೆನ್ಸ್ ಇಲ್ಲದೆ ಅದನ್ನು ಮುಟ್ಟಲೇಬೇಡಿ. ವ್ಯಾಸವನ್ನು ಸಾಮಾನ್ಯವಾಗಿ ನಳಿಗೆಯ ಬುಡದಲ್ಲಿ ಕೆತ್ತಿರುತ್ತಾರೆ. ಕೆತ್ತನೆ ಸವೆದಿದ್ದರೆ 4.5ರ ಪೆಲೆಟ್ (ಏರ್ ಗನ್ನಿನ ಸಣ್ಣ ಗುಂಡು) ಒಂದನ್ನು ಬ್ರೀಚಿನಲ್ಲಿ, ಅಂದರೆ ಗುಂಡು ತುಂಬುವ ನಳಿಗೆಯ ಹಿಂಬಾಯಲ್ಲಿ, ಇಟ್ಟು ನೋಡಿ: ಸರಿಯಾದ ನಳಿಗೆಯಾದರೆ ಹೆಬ್ಬೆರಳಿನಿಂದ ಒತ್ತಿ ಕೂರಿಸಬೇಕಾಗುತ್ತದೆ, 5.5ರದ್ದಾದರೆ ತಾನಾಗಿ ಒಳಗೆ ಜಾರುತ್ತದೆ.

ಶಕ್ತಿಯನ್ನು ಮಾತ್ರ ಲೆಕ್ಕ ಹಾಕಿಯೇ ತಿಳಿಯಬೇಕು. ಪೆಲೆಟ್ಟಿನ ತೂಕವನ್ನು ಗ್ರಾಂನಲ್ಲಿ ತೆಗೆದುಕೊಳ್ಳಿ. ಅದನ್ನು ಸೆಕೆಂಡಿಗೆ ಎಷ್ಟು ಮೀಟರ್ ವೇಗವೋ ಅದರಿಂದ ಎರಡು ಸಲ ಗುಣಿಸಿ, 2000ದಿಂದ ಭಾಗಿಸಿ. ಬಂದದ್ದು ಜೂಲ್. 10 ಮೀಟರ್ ಸ್ಪರ್ಧೆಯ ರೈಫಲ್ 0.53 ಗ್ರಾಂ ಪೆಲೆಟ್ಟನ್ನು ಸೆಕೆಂಡಿಗೆ ಸುಮಾರು 175 ಮೀಟರ್ ವೇಗದಲ್ಲಿ ಬಿಡುತ್ತದೆ. ಲೆಕ್ಕ ಹಾಕಿದರೆ 8 ಜೂಲ್ ಚಿಲ್ಲರೆ. ಮಿತಿಯ ಅರ್ಧಕ್ಕೂ ಕಡಿಮೆ. ಒಲಿಂಪಿಕ್ಸಿನಲ್ಲಿ ಚಿನ್ನ ತರಲು ಇಷ್ಟೇ ಶಕ್ತಿ ಸಾಕು ಎನ್ನುವುದನ್ನು ‘ಪವರ್’ ಹುಡುಕುವ ಹುಡುಗರಿಗೆ ಮೊದಲ ದಿನವೇ ಹೇಳಬೇಕು.

ಇನ್ನು ಜಾಹೀರಾತುಗಳು. ಡಬ್ಬದ ಮೇಲೆ ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದು ಬರೆಯುತ್ತಾರೆ. 0.3048ರಿಂದ ಗುಣಿಸಿದರೆ ಮೀಟರ್ ಸಿಗುತ್ತದೆ. 900 ಅಡಿ ಎಂದರೆ ಸುಮಾರು 274 ಮೀಟರ್, 0.53 ಗ್ರಾಂ ಪೆಲೆಟ್ಟಿಗೆ ಅದು 20 ಜೂಲಿನ ಅಂಚು. ‘1000 ಎಫ್‌ಪಿಎಸ್’ (ಸೆಕೆಂಡಿಗೆ 1000 ಅಡಿ) ಎಂದಿದ್ದರೆ ಅದೇ ಪೆಲೆಟ್ಟಿಗೆ 24 ಜೂಲ್ ದಾಟುತ್ತದೆ, ಅಂದರೆ ಲೈಸೆನ್ಸ್ ಬೇಕಾದ ಆಯುಧ. ಮಾರುವವರು ಇಲ್ಲಿ ಒಂದು ಮಾತು ಬಿಟ್ಟಿರುತ್ತಾರೆ: ಆ ವೇಗವನ್ನು ಎಷ್ಟು ತೂಕದ ಪೆಲೆಟ್ಟಿನಲ್ಲಿ ಅಳೆದದ್ದು ಎಂದು ಹೇಳುವುದಿಲ್ಲ. 0.35 ಗ್ರಾಂನ ಹಗುರ ಮಿಶ್ರಲೋಹದ ಪೆಲೆಟ್ಟಾದರೆ 1000 ಅಡಿ ವೇಗದಲ್ಲೂ 16 ಜೂಲ್ ಅಷ್ಟೇ. ಹಾಗಾಗಿ ವೇಗ ಮತ್ತು ತೂಕ ಎರಡನ್ನೂ ಕೇಳಿ, ಉತ್ತರ ಬಿಲ್ಲಿನಲ್ಲಿ ಬರಲಿ: ಮಾದರಿ, ಕ್ರಮಸಂಖ್ಯೆ, 4.5 ಮಿಲಿಮೀಟರ್, 20 ಜೂಲಿಗಿಂತ ಕಡಿಮೆ. ಅನುಮಾನವಿದ್ದರೆ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇರುವ ಕಡೆ ಹತ್ತು ಗುಂಡು ಹಾರಿಸಿ ನೋಡಿ. ಸರಾಸರಿ ಹಿಡಿಯಬೇಡಿ, ಅತಿ ಹೆಚ್ಚು ಬಂದ ಅಂಕಿಯಿಂದ ಲೆಕ್ಕ ಮಾಡಿ.

ಕಾನೂನುಬದ್ಧವಾಗಿ ಕೊಂಡ ಗನ್ನೂ ಮನೆಯಲ್ಲೇ ಅಕ್ರಮವಾಗಬಹುದು. ಹುಡುಗರು ವಿಡಿಯೊ ನೋಡಿ ಗಟ್ಟಿ ಸ್ಪ್ರಿಂಗ್ ಅಥವಾ ಗ್ಯಾಸ್ ಪಿಸ್ಟನ್ ತರಿಸಿ ಹಾಕುತ್ತಾರೆ, ಕೆಲವರು 5.5ರ ನಳಿಗೆಯನ್ನೇ ಬದಲಿಸಿ ಕೂರಿಸುತ್ತಾರೆ. ಆ ಕ್ಷಣದಿಂದ ಅದು ವಿನಾಯಿತಿಯ ಗನ್ ಅಲ್ಲ. ಲೈಸೆನ್ಸ್ ಇಲ್ಲದೆ ಬಂದೂಕನ್ನು ಪರಿವರ್ತಿಸುವುದನ್ನು ಕಾಯ್ದೆಯ ಸೆಕ್ಷನ್ 5 ಬೇರೆಯೇ ತಡೆಯುತ್ತದೆ. ತಪಾಸಣೆಯಲ್ಲಿ ಬಿಲ್ಲಿನ ಅಂಕಿ ಒಂದು, ಗನ್ನಿನ ಅಂಕಿ ಇನ್ನೊಂದು ಬಂದರೆ ಬಿಲ್ಲು ನಿಮ್ಮನ್ನು ಕಾಯುವುದಿಲ್ಲ.

ವಯಸ್ಸು

ಸೆಕ್ಷನ್ 9ರ ಪ್ರಕಾರ 21 ತುಂಬದವರು ಬಂದೂಕು ಪಡೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ. ಮೊದಲು ಇದು 16 ಇತ್ತು, 1983ರ ತಿದ್ದುಪಡಿಯಲ್ಲಿ 21 ಆಯಿತು. ಅದೇ ಸೆಕ್ಷನ್ ತರಬೇತಿಗೆ ಬಾಗಿಲು ತೆರೆದಿಟ್ಟಿದೆ: 12 ತುಂಬಿದವರು ತರಬೇತುದಾರರ ಅಥವಾ ಲೈಸೆನ್ಸ್‌ದಾರರ ಕಣ್ಣೆದುರೇ ಅಭ್ಯಾಸ ಮಾಡಬಹುದು. ಲೈಸೆನ್ಸ್ ಬೇಡದ 4.5ರ ಗನ್ನಿಗೂ ಇದೇ ಶಿಸ್ತನ್ನು ಪಾಲಿಸಿ ಎನ್ನುವುದು ನಮ್ಮ ಗಟ್ಟಿ ಸಲಹೆ. ಬಿಲ್ಲು ತಂದೆ ಅಥವಾ ತಾಯಿಯ ಹೆಸರಿನಲ್ಲಿರಲಿ, ಗುರುತಿನ ಚೀಟಿ ಮತ್ತು ವಿಳಾಸದ ದಾಖಲೆ ದೊಡ್ಡವರದ್ದೇ ಕೊಡಿ. ಕೀಲಿಯೂ ದೊಡ್ಡವರ ಕೈಯಲ್ಲೇ ಇರಲಿ. ಆನ್‌ಲೈನಿನಲ್ಲಿ ಮಗನೇ ಆರ್ಡರ್ ಮಾಡಿ ತರಿಸಿಕೊಳ್ಳುವುದು, ಗೆಳೆಯನಿಂದ ಕಾಗದವಿಲ್ಲದೆ ಸೆಕೆಂಡ್ ಹ್ಯಾಂಡ್ ಕೊಳ್ಳುವುದು ಎರಡೂ ಬೇಡ.

ಕೊಡಗಿನ ಮನೆತನದವರು ಇಲ್ಲಿ ಒಂದು ಮಾತು ಗಮನಿಸಬೇಕು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ವಿನಾಯಿತಿ ಇರುವುದು ಲೈಸೆನ್ಸ್ ಕೇಳುವ ಸೆಕ್ಷನ್ 3 ಮತ್ತು 4ರಿಂದ ಮಾತ್ರ. ವಯಸ್ಸಿನ ಮಾತು ಬರುವುದು ಸೆಕ್ಷನ್ 9ರಲ್ಲಿ, ಅದಕ್ಕೆ ಆ ವಿನಾಯಿತಿ ತಗಲುವುದಿಲ್ಲ.

ಎಲ್ಲಿ ಹಾರಿಸಬಹುದು

ರೇಂಜಿನಲ್ಲಿ. ಮುಂಬೈಯಲ್ಲಿ ವರಳಿಯ ಮಹಾರಾಷ್ಟ್ರ ರೈಫಲ್ ಅಸೋಸಿಯೇಷನ್, ಪುಣೆಯಲ್ಲಿ ಬಾಲೇವಾಡಿ ಕ್ರೀಡಾಸಂಕುಲದ ಶೂಟಿಂಗ್ ರೇಂಜ್ ಹೆಸರುವಾಸಿ. ಬಾಲೇವಾಡಿಯಲ್ಲಿ 2008ರ ಕಾಮನ್‌ವೆಲ್ತ್ ಯೂತ್ ಗೇಮ್ಸ್ ನಡೆದಿತ್ತು. ಗೋವಾದಲ್ಲಿ ರಾಜ್ಯ ಸಂಘಕ್ಕೆ ಸೇರಿದ ಕ್ಲಬ್ಬುಗಳನ್ನು ವಿಚಾರಿಸಿ. ಠಾಣೆಯ ರುದ್ರಾಂಕ್ಷ್ ಪಾಟೀಲ್ 2022ರಲ್ಲಿ ಕೈರೋದಲ್ಲಿ 10 ಮೀಟರ್ ಏರ್ ರೈಫಲ್‌ನ ವಿಶ್ವ ಚಾಂಪಿಯನ್ ಆದಾಗ ವಯಸ್ಸು 18. ಹೀಗಾಗಿ ಕಾನೂನು ಮಕ್ಕಳನ್ನು ಈ ಕ್ರೀಡೆಯಿಂದ ದೂರ ಇಡುತ್ತದೆ ಎನ್ನುವುದು ಸುಳ್ಳು. ಅದು ಕೇಳುವುದು ಜಾಗ ಮತ್ತು ಮೇಲ್ವಿಚಾರಣೆ. ಕ್ಲಬ್ಬಿನ ಸದಸ್ಯತ್ವ, ರಾಜ್ಯ ಸಂಘದ ಗುರುತಿನ ಚೀಟಿ ಬೇಗ ಮಾಡಿಸಿಕೊಳ್ಳಿ. ಗನ್ ಯಾಕೆ ಒಯ್ಯುತ್ತಿದ್ದೀರಿ ಎಂಬ ಪ್ರಶ್ನೆಗೆ ಅದಕ್ಕಿಂತ ಚೊಕ್ಕ ಉತ್ತರವಿಲ್ಲ. ಶುರುವಿನಲ್ಲಿ ಸ್ವಂತ ರೈಫಲ್ ಕೊಳ್ಳಲೂ ಬೇಡಿ, ಕ್ಲಬ್ಬಿನದ್ದರಲ್ಲೇ ಕಲಿಯಲಿ.

ಸೊಸೈಟಿಯ ಟೆರೇಸು, ಬಾಲ್ಕನಿ, ಪಾರ್ಕಿಂಗ್ ಜಾಗ ರೇಂಜ್ ಅಲ್ಲ. ಗುರಿ ತಪ್ಪಿದ ಪೆಲೆಟ್ ಇನ್ನೂರು ಮೀಟರಿಗೂ ಆಚೆ ಹೋಗಬಲ್ಲದು, ಗೋಡೆಗೆ ಬಡಿದರೆ ಬೇರೆ ದಿಕ್ಕಿಗೆ ಪುಟಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಯಾರಿಗೂ ಗಾಯವಾಗದಿದ್ದರೂ ಇತರರ ಜೀವಕ್ಕೆ ಅಪಾಯ ಒಡ್ಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 125ರಡಿ 3 ತಿಂಗಳವರೆಗೆ ಸೆರೆ ಇಲ್ಲವೇ 2500 ರೂಪಾಯಿವರೆಗೆ ದಂಡ, ಅಥವಾ ಎರಡೂ. ಗಾಯವಾದರೆ 6 ತಿಂಗಳು, ತೀವ್ರ ಗಾಯವಾದರೆ 3 ವರ್ಷದವರೆಗೆ ಏರುತ್ತದೆ.

ಮನೆಯೊಳಗೇ ಅಭ್ಯಾಸ ಬೇಕಿದ್ದರೆ ಬಾಗಿಲು ಹಾಕಿಕೊಳ್ಳಬಹುದಾದ ಉದ್ದನೆಯ ಕೋಣೆ ಬೇಕು. ಗುರಿ ಮತ್ತು ಗನ್ನಿನ ನಡುವೆ ಬೇರೆ ಬಾಗಿಲು, ಕಿಟಕಿ ಇರಬಾರದು. 8 ಜೂಲಿನ ರೈಫಲಿಗೆ 30 ಸೆಂಟಿಮೀಟರ್ ಚೌಕದ ಪೆಟ್ಟಿಗೆಯೊಳಗೆ 3 ಮಿಲಿಮೀಟರ್ ಉಕ್ಕಿನ ತಗಡನ್ನು 45 ಡಿಗ್ರಿ ಕೆಳಮುಖವಾಗಿ ಕೂರಿಸಿ, ಪೆಲೆಟ್ ಚಪ್ಪಟೆಯಾಗಿ ತಳಕ್ಕೆ ಬೀಳುತ್ತದೆ. ತಗಡನ್ನು ನೇರ ನಿಲ್ಲಿಸಿದರೆ ಸೀಸದ ಚೂರು ಹಾರಿಸುವವನ ಕಡೆಗೇ ಸಿಡಿಯುತ್ತದೆ. ಪೆಟ್ಟಿಗೆಯ ಹಿಂದೆ 18 ಮಿಲಿಮೀಟರ್ ಪ್ಲೈವುಡ್ಡಿನ ಅಗಲ ಹಲಗೆ ಇರಲಿ. ಉಕ್ಕಿನ ಗೋಲಿಗಳು ಬೇಡವೇ ಬೇಡ, ಅವು ಚಪ್ಪಟೆಯಾಗದೆ ಪುಟಿಯುತ್ತವೆ. ಸೀಸದ ಧೂಳನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಊಟಕ್ಕೆ ಮುಂಚೆ ಕೈ ತೊಳೆಸಿ.

ಪಾರಿವಾಳದ ವಿಷಯ ಪ್ರತ್ಯೇಕವಾಗಿ ಹೇಳಲೇಬೇಕು, ಯಾಕೆಂದರೆ ಮುಂಬೈ ಬಾಲ್ಕನಿಗಳಲ್ಲಿ ಏರ್ ಗನ್ ಹೊರಬರುವುದು ಹೆಚ್ಚಾಗಿ ಅದರ ಮೇಲಿನ ಸಿಟ್ಟಿಗೆ. ಪ್ರಾಣಿಯನ್ನು ಕೊಂದರೆ ಅಥವಾ ಊನ ಮಾಡಿದರೆ ನ್ಯಾಯ ಸಂಹಿತೆಯ ಸೆಕ್ಷನ್ 325ರಡಿ 5 ವರ್ಷದವರೆಗೆ ಶಿಕ್ಷೆಯಿದೆ, ಮನುಷ್ಯನಲ್ಲದ ಯಾವ ಜೀವಿಯೂ ಅದರಲ್ಲಿ ಪ್ರಾಣಿಯೇ. ಬೀದಿನಾಯಿಗೂ ಇದೇ ಅನ್ವಯ. ನವಿಲಿನಂಥ ವನ್ಯಜೀವಿಯಾದರೆ 1972ರ ವನ್ಯಜೀವಿ ಕಾಯ್ದೆ ಬಂತು. ಅಲ್ಲಿ ಕೊಲ್ಲುವ ಪ್ರಯತ್ನವೂ ಬೇಟೆಯೇ. ಪಾರಿವಾಳಕ್ಕೆ ಬಲೆ ಕಟ್ಟಿಸಿ, ಅಷ್ಟೇ.

ಒಯ್ಯುವಾಗ

ಹೆಚ್ಚಿನವರು ಸಿಕ್ಕಿಬೀಳುವುದು ದಾರಿಯಲ್ಲಿ. ಮಹಾರಾಷ್ಟ್ರ ಪೊಲೀಸ್ ಕಾಯ್ದೆಯ ಸೆಕ್ಷನ್ 37ರಡಿ ಪೊಲೀಸ್ ಆಯುಕ್ತರು ಅಥವಾ ಜಿಲ್ಲಾ ದಂಡಾಧಿಕಾರಿ ತಮಗೆ ಅಗತ್ಯವೆನಿಸಿದಷ್ಟು ಕಾಲ ಆಯುಧ, ದೊಣ್ಣೆ, ಕಲ್ಲು, ಗುಂಡು ಎಸೆಯುವ ಸಾಧನ ಒಯ್ಯುವುದನ್ನು ನಿಷೇಧಿಸಬಹುದು. ಲೈಸೆನ್ಸ್ ಬೇಕೋ ಬೇಡವೋ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಮುಂಬೈ, ಪುಣೆಯಲ್ಲಿ ಗಣೇಶೋತ್ಸವ, ಚುನಾವಣೆಗಳ ಹೊತ್ತಿಗೆ ಇಂಥ ಮನಾಈ ಆದೇಶ ಬರುವುದು ವಾಡಿಕೆ. ಮುರಿದರೆ ಸೆಕ್ಷನ್ 135ರಡಿ ಒಂದು ವರ್ಷದವರೆಗೆ ಸೆರೆ ಮತ್ತು ದಂಡ. ಗೋವಾದಲ್ಲಿ ಜಿಲ್ಲಾ ದಂಡಾಧಿಕಾರಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 163ರಡಿ ಆದೇಶ ಹೊರಡಿಸುತ್ತಾರೆ. ಹೊರಡುವ ಹಿಂದಿನ ದಿನ ಪೊಲೀಸರ ಜಾಲತಾಣ, ಮರಾಠಿ ಪತ್ರಿಕೆ ನೋಡಿ. ಆದೇಶ ಜಾರಿಯಲ್ಲಿದ್ದರೆ ಸ್ಪರ್ಧಿಗಳಿಗೆ ವಿನಾಯಿತಿ ಬರೆದಿದೆಯೇ ಎಂದು ಕ್ಲಬ್ಬಿನಿಂದ ಖಚಿತಪಡಿಸಿಕೊಳ್ಳಿ.

ಗನ್ನನ್ನು ಬೀಗ ಹಾಕಿದ ಗಟ್ಟಿ ಪೆಟ್ಟಿಗೆಯಲ್ಲಿಡಿ. ನಳಿಗೆ ಖಾಲಿ ಇರಲಿ, ಬೋಲ್ಟ್ ತೆರೆದಿರಲಿ, ನಳಿಗೆಯುದ್ದಕ್ಕೂ ಸ್ಪರ್ಧೆಗಳಲ್ಲಿ ಕಡ್ಡಾಯವಾದ ಕಿತ್ತಳೆ ಬಣ್ಣದ ಸೇಫ್ಟಿ ಫ್ಲ್ಯಾಗ್ ತೂರಿಸಿರಲಿ. ಪೆಲೆಟ್ ಡಬ್ಬ ಬೇರೆ ಚೀಲದಲ್ಲಿ. ಪಿಸಿಪಿ ರೈಫಲಾದರೆ (ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ನಡೆಯುವುದು) ಸಿಲಿಂಡರ್ ಬಿಚ್ಚಿಡಿ. ವಿಮಾನದಲ್ಲಾದರೆ ಸಂಸ್ಥೆಗೆ ಮೊದಲೇ ತಿಳಿಸಿ, ಸಿಲಿಂಡರಿನ ಗಾಳಿ ಪೂರ್ತಿ ಬಿಟ್ಟು, ಘೋಷಿಸಿ ಚೆಕ್-ಇನ್ ಮಾಡಿ; ಕ್ಯಾಬಿನ್ನಿಗೆ ಪೆಲೆಟ್ಟೂ ಬೇಡ. ಮೆಟ್ರೋ ಭದ್ರತಾ ತಪಾಸಣೆಯಲ್ಲಿ ಆಯುಧ ಬಿಡುವುದಿಲ್ಲ. ಮಾಟುಂಗದಿಂದ ವರಳಿಗೆ ಹೋಗಲು ಟ್ಯಾಕ್ಸಿಯೇ ಸರಿ, ಜೊತೆಗೆ ದೊಡ್ಡವರು ಇರಲೇಬೇಕು.

ಬೆಳಗಾವಿ, ಧಾರವಾಡದ ಕಡೆಯಿಂದ ಗೋವಾಕ್ಕೆ ಬರುವವರಿಗೆ ಇನ್ನೊಂದು ತೊಡಕಿದೆ. ಅನಮೋಡ ಘಾಟಿನ ರಸ್ತೆ ಮೊಲೆಂ ಬಳಿ ಭಗವಾನ್ ಮಹಾವೀರ ಅಭಯಾರಣ್ಯದ ನಡುವೆ ಹಾಯುತ್ತದೆ, ಕ್ಯಾಸಲ್‌ರಾಕ್‌ನಿಂದ ಕುಳೆಗೆ ಇಳಿಯುವ ರೈಲು ಹಳಿಯೂ ಅಷ್ಟೇ. ವನ್ಯಜೀವಿ ಕಾಯ್ದೆಯ ಸೆಕ್ಷನ್ 31ರ ಪ್ರಕಾರ ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಕಾಲಿಡುವಂತಿಲ್ಲ. ಪ್ರಾಣಿಗೆ ಗಾಯ ಮಾಡಬಲ್ಲ ಸಾಧನವೆಲ್ಲ ಅಲ್ಲಿ ಆಯುಧ. ಜೂಲ್ ಲೆಕ್ಕ ನಡೆಯುವುದಿಲ್ಲ. ಅರಣ್ಯ ಸಿಬ್ಬಂದಿ ಗನ್ನಿನ ಜೊತೆ ವಾಹನವನ್ನೂ ವಶಪಡಿಸಿಕೊಳ್ಳಬಹುದು. ರೈಫಲ್ ಜೊತೆಗಿದ್ದರೆ ಅಂಬೋಲಿ, ಸಾವಂತವಾಡಿ ಮೂಲಕ ಸುತ್ತಿ ಬನ್ನಿ. ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ.

ತಡೆದು ಕೇಳಿದಾಗ

ಪೆಟ್ಟಿಗೆಗೆ ಕೈ ಹಾಕಬೇಡಿ. ‘ಏರ್ ರೈಫಲ್ ಆಹೆ, ರಿಕಾಮಿ ಆಹೆ’ (ಏರ್ ರೈಫಲ್ ಇದು, ಖಾಲಿ ಇದೆ) ಎಂದು ಮರಾಠಿಯಲ್ಲಿ ಮೊದಲು ಹೇಳಿ, ಆಮೇಲೆ ಅವರು ಹೇಳಿದಂತೆ ತೆರೆಯಿರಿ. ಬಿಲ್ಲು, ಕೊಂಡವರ ಗುರುತಿನ ಚೀಟಿ, ಕ್ಲಬ್ ಕಾರ್ಡ್, ಸ್ಪರ್ಧೆಯ ಪತ್ರದ ಪ್ರತಿಗಳು ಪೆಟ್ಟಿಗೆಯಲ್ಲೂ ಫೋನಿನಲ್ಲೂ ಇರಲಿ. ವಶಪಡಿಸಿಕೊಂಡರೆ ವಾದಕ್ಕಿಳಿಯದೆ ಪಂಚನಾಮೆಯ ಪ್ರತಿ ಕೇಳಿ. ಅದರಲ್ಲಿ ಕ್ರಮಸಂಖ್ಯೆ, 4.5 ಮಿಲಿಮೀಟರ್ ವ್ಯಾಸ, ಗನ್ ಖಾಲಿ ಇತ್ತು ಎಂಬುದು ನಮೂದಾಗಲಿ. ಜಪ್ತಿಯನ್ನು ವಿಡಿಯೊ ಮಾಡಬೇಕೆಂದು ಸುರಕ್ಷಾ ಸಂಹಿತೆಯ ಸೆಕ್ಷನ್ 105 ಹೇಳುತ್ತದೆ. ಶಕ್ತಿಯ ಬಗ್ಗೆ ವಿವಾದವೆದ್ದರೆ ಗನ್ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ, ಮುಂಬೈಯದ್ದು ಕಾಲೀನಾದಲ್ಲಿದೆ. ಬಿಲ್ಲಿನಲ್ಲಿ ಜೂಲ್ ಬರೆಸಿಟ್ಟಿದ್ದು ಆಗ ಕೆಲಸಕ್ಕೆ ಬರುತ್ತದೆ.

ಹುಡುಗನಿಗೆ 18 ತುಂಬಿರದಿದ್ದರೆ ಬಾಲನ್ಯಾಯ ಕಾಯ್ದೆ ಅನ್ವಯ. ಅವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಪೋಷಕರಿಗೆ ತಿಳಿಸಲೇಬೇಕು, 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ವಯಸ್ಸಿಗೆ ಶಾಲೆಯ ಪ್ರಮಾಣಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರ ಮೊದಲ ಪುರಾವೆ, ಅದರ ಪ್ರತಿಯೊಂದಿಗೆ ಠಾಣೆಗೆ ಹೋಗಿ. ಕರ್ನಾಟಕದ ಶಾಲೆಯದ್ದಾಗಿ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅಥವಾ ಮರಾಠಿ ಅನುವಾದವನ್ನು ನೋಟರಿ ಮಾಡಿಸಿ ಜೊತೆಗೆ ಒಯ್ಯಿರಿ.