‘ಹೆದರಬೇಡ’ ಅನ್ನುವುದನ್ನು ಬಿಟ್ಟ ಮೇಲೆ

ಆಪ್ತಸಮಾಲೋಚಕಿಯಾಗಿ ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಪರೀಕ್ಷೆ ಹತ್ತಿರ ಬಂದಾಗ ಎಲ್ಲ ಮಕ್ಕಳಿಗೂ ಒಂದೇ ಮಾತು ಹೇಳುತ್ತಿದ್ದೆ. "ಹೆದರಬೇಡ, ನಿನಗೆಲ್ಲ ಬರುತ್ತೆ." ಒಂದು ದಿನ ಹದಿನೈದು ವರ್ಷದ ಹುಡುಗಿಯೊಬ್ಬಳು ತಲೆ ತಗ್ಗಿಸಿಕೊಂಡೇ ಹೇಳಿದಳು: "ಮಿಸ್, ನೀವು ಹಾಗೆ ಹೇಳಿದಷ್ಟೂ ನಂಗೆ ಭಯ ಜಾಸ್ತಿ ಆಗುತ್ತೆ. ನಾಳೆ ಬರ್ಲಿಲ್ಲ ಅಂದ್ರೆ ನಿಮಗೂ ಬೇಜಾರಾಗುತ್ತಲ್ವಾ?"

ಅಪ್ಪ, ಅಮ್ಮ, ಟೀಚರ್ ಸಾಲದು ಅಂತ ಅವಳು ನಿರಾಸೆ ಮಾಡಬಾರದವರ ಪಟ್ಟಿಗೆ ನಾನೂ ಸೇರಿದ್ದೆ. ಅವತ್ತಿನಿಂದ ಆ ಮಾತು ಬಿಟ್ಟೆ. ಬದಲಿಗೆ "ಏನಾಗುತ್ತೆ ಅಂತ ಭಯ?" ಎಂದು ಕೇಳಿ ಸುಮ್ಮನೆ ಕೂರುವುದನ್ನು ಕಲಿತೆ. ಉತ್ತರ ಬರಲು ಕೆಲವೊಮ್ಮೆ ಹತ್ತು ನಿಮಿಷ ಬೇಕಾಗುತ್ತದೆ.

ಆ ಹುಡುಗಿ ಮನೆಯಲ್ಲಿ ಎಲ್ಲ ಲೆಕ್ಕ ಮಾಡುತ್ತಿದ್ದಳು. ಪರೀಕ್ಷೆಯಲ್ಲಿ ಮಾತ್ರ ಬ್ಲ್ಯಾಂಕ್. ಅವಳಿಗೆ ನಾನು ಮೊದಲು ವಿವರಿಸಿದ್ದು ಇದನ್ನೇ. ಲೆಕ್ಕ ಮಾಡುವಾಗ ಅಂಕಿಗಳನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವ ಜಾಗ ನಮ್ಮ ತಲೆಯಲ್ಲಿ ಬಹಳ ಚಿಕ್ಕದು. ‘ಫೇಲಾದ್ರೆ?’ ಅನ್ನುವ ಯೋಚನೆ ಕೂಡ ಅದೇ ಜಾಗಕ್ಕೆ ಬಂದು ಕೂರುತ್ತದೆ. ಆಗ ಲೆಕ್ಕಕ್ಕೆ ಜಾಗ ಉಳಿಯುವುದಿಲ್ಲ. ಕಲಿತದ್ದು ಎಲ್ಲಿಗೂ ಹೋಗಿರುವುದಿಲ್ಲ. ತಾನು ದಡ್ಡಿ ಅಲ್ಲ ಎಂದು ಗೊತ್ತಾದಾಗಲೇ ಅವಳ ಮುಖ ಸ್ವಲ್ಪ ಸಡಿಲಾಯಿತು.

ಆಮೇಲೆ ಬರೆಸಲು ಶುರು ಮಾಡಿದೆ. ಜೆರಾರ್ಡೊ ರಮಿರೆಜ್ ಮತ್ತು ಸಿಯಾನ್ ಬೈಲಾಕ್ ಎಂಬ ಮನೋವಿಜ್ಞಾನಿಗಳು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಪರೀಕ್ಷೆಗೆ ಸ್ವಲ್ಪ ಮುಂಚೆ 10 ನಿಮಿಷ ತಮ್ಮ ಭಯದ ಬಗ್ಗೆ ಬರೆದ ಮಕ್ಕಳು, ಅದರಲ್ಲೂ ಜಾಸ್ತಿ ಹೆದರುವ ಮಕ್ಕಳು, ಪರೀಕ್ಷೆ ಚೆನ್ನಾಗಿ ಮಾಡಿದ್ದರು. ನಾನೂ ಹಾಗೇ ಮಾಡಿಸಿದೆ. ಕಾಗುಣಿತ ನೋಡಬೇಡ, ಯಾರೂ ಓದುವುದಿಲ್ಲ, ತೋಚಿದ್ದೆಲ್ಲ ಬರಿ ಎಂದೆ. ಬರೆದದ್ದನ್ನು ನಾನು ಕೇಳಿ ಪಡೆಯುವುದಿಲ್ಲ. ಹರಿದು ಹಾಕುವುದೋ ಇಟ್ಟುಕೊಳ್ಳುವುದೋ ಅವರಿಷ್ಟ. ಎಲ್ಲರಿಗೂ ಇದು ಒಗ್ಗಲಿಲ್ಲ. ಬರೆಯುತ್ತಾ ಬರೆಯುತ್ತಾ ಭಯ ಹೆಚ್ಚಾದ ಒಬ್ಬ ಹುಡುಗನಿಗೆ ತಕ್ಷಣ ನಿಲ್ಲಿಸಿ, ನನ್ನ ಜೊತೆ ನಡೆದಾಡುತ್ತಾ ಮಾತಾಡು ಎಂದೆ.

ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗ ಆದದ್ದು ಪರೀಕ್ಷೆಯನ್ನೇ ಸಣ್ಣದು ಮಾಡಿ ಮತ್ತೆ ಮತ್ತೆ ಎದುರಿಸುವುದು. ವಾರಕ್ಕೊಮ್ಮೆ ಡೆಸ್ಕ್‌ಗಳನ್ನು ದೂರ ದೂರ ಇಡುತ್ತಿದ್ದೆ. ಬ್ಯಾಗ್ ಹೊರಗೆ, ಎದುರಿಗೆ ಗಡಿಯಾರ, ಮೊದಲು ನೋಡಿರದ ಪ್ರಶ್ನೆಪತ್ರಿಕೆ. ಮೊದಲ ವಾರ ಬರೀ 20 ನಿಮಿಷ, ಆಮೇಲೆ 40, ಕೊನೆಗೆ ಪೂರ್ತಿ ಸಮಯ. ಅಂಕ ಹಾಕುತ್ತಿರಲಿಲ್ಲ. ಒಂದೊಂದು ಸಲ ಬೇಕೆಂದೇ ಕಷ್ಟದ ಪ್ರಶ್ನೆಯನ್ನು ಮೊದಲಿಗೆ ಇಡುತ್ತಿದ್ದೆ. ಅದನ್ನು ಬಿಟ್ಟು ಮುಂದೆ ಹೋಗುವುದನ್ನು ಅಭ್ಯಾಸ ಮಾಡಿಸಲು. ಪ್ರಶ್ನೆ ಬಿಡುವುದು ಸೋಲು ಎಂದು ತುಂಬಾ ಮಕ್ಕಳು ತಿಳಿದುಕೊಂಡಿರುತ್ತಾರೆ. ಅಲ್ಲೇ ಸಿಕ್ಕಿಹಾಕಿಕೊಂಡು ಅರ್ಧ ಗಂಟೆ ಕಳೆಯುತ್ತಾರೆ. ಎದೆ ಢವಢವ ಅಂದಾಗ ಪೆನ್ ಕೆಳಗಿಟ್ಟು, ನಾಲ್ಕು ಎಣಿಸುತ್ತಾ ಉಸಿರು ಎಳೆದು, ಆರು ಎಣಿಸುತ್ತಾ ಬಿಡುವುದನ್ನೂ ಅಲ್ಲೇ ಕಲಿಸಿದೆ. ಉಸಿರನ್ನು ನಿಧಾನವಾಗಿ ಹೊರಗೆ ಬಿಡುವಾಗ ಎದೆಬಡಿತ ತುಸು ಇಳಿಯುತ್ತದೆ. ಇದನ್ನು ಪರೀಕ್ಷೆಯ ದಿನವೇ ಮೊದಲ ಸಲ ಮಾಡಿದರೆ ಪ್ರಯೋಜನ ಕಡಿಮೆ. ವಾರಗಟ್ಟಲೆ ಮುಂಚೆಯೇ ರೂಢಿಯಾಗಿರಬೇಕು.

ಓದುವ ರೀತಿಯನ್ನೂ ಬದಲಿಸಬೇಕಾಯಿತು. ಪುಸ್ತಕವನ್ನು ನಾಲ್ಕು ಸಲ ಓದಿದರೆ ಎಲ್ಲ ಬಂದಂತೆ ಅನಿಸುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರಿಗೇ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ಕೇಳಿದಾಗ, ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಮುಂದಿದ್ದರು. ಆದ್ದರಿಂದ ಓದಿ, ಮುಚ್ಚಿ, ಬರಿ ಎನ್ನುತ್ತೇನೆ. ಮೊದಮೊದಲು ಮಕ್ಕಳಿಗೆ ಇದು ಇಷ್ಟವಾಗುವುದಿಲ್ಲ, ಯಾಕೆಂದರೆ ತಮಗೆ ಏನೇನು ಬರುವುದಿಲ್ಲ ಎಂದು ಆಗಲೇ ಗೊತ್ತಾಗಿಬಿಡುತ್ತದೆ. ಮನೆಯಲ್ಲೇ ಗೊತ್ತಾದರೆ ಸರಿಮಾಡಿಕೊಳ್ಳಲು ಸಮಯ ಇರುತ್ತದೆ.

ನಿದ್ದೆಯ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಈ ವಯಸ್ಸಿನಲ್ಲಿ ರಾತ್ರಿ ನಿದ್ದೆ ಬರುವ ಹೊತ್ತೇ ತಡವಾಗುತ್ತದೆ. ಅದು ಸೋಮಾರಿತನ ಅಲ್ಲ, ದೇಹದ ಬದಲಾವಣೆ. ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿ ಓದಿಸುವ ತಂದೆತಾಯಿಯನ್ನು ಕರೆದು ಇದನ್ನು ಹೇಳಿದ್ದೇನೆ.

ತಂದೆತಾಯಿಗೆ ನಾನು ಕೇಳಿಕೊಳ್ಳುವುದು ಇನ್ನೊಂದೇ. ಪರೀಕ್ಷೆ ಮುಗಿಸಿ ಬಂದ ಮಗುವಿಗೆ "ಎಷ್ಟು ಬರುತ್ತೆ?" ಎನ್ನಬೇಡಿ, "ಸುಸ್ತಾಯ್ತಾ?" ಎನ್ನಿ. ಒಬ್ಬ ತಂದೆ ಹಾಗೆ ಕೇಳಿದ ದಿನ ಮಗ ತಾನಾಗಿಯೇ ಅರ್ಧ ಗಂಟೆ ಮಾತಾಡಿದನಂತೆ.

ಕೆಲವು ಸಲ ನನ್ನ ಕೈಲಿ ಆಗುವುದಲ್ಲ. ವಾರಗಟ್ಟಲೆ ಸರಿಯಾಗಿ ತಿನ್ನದೆ, ಮಲಗದೆ, ಗೆಳೆಯರನ್ನೂ ಬಿಟ್ಟಿದ್ದ ಒಬ್ಬ ಹುಡುಗ "ನಾನಿಲ್ದಿದ್ರೆ ಎಲ್ರಿಗೂ ಆರಾಮು" ಅಂದ. ಸಾಯಬೇಕು ಅಂತ ಅನಿಸಿದೆಯಾ ಎಂದು ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಅವನು ಹೌದು ಅಂದ. ಅವನನ್ನು ಒಬ್ಬನೇ ಬಿಡದೆ, ಅವತ್ತೇ ಮನೆಯವರನ್ನು ಕರೆಸಿ, ಅವರ ಜೊತೆ ನಾನೂ ಮನೋವೈದ್ಯರ ಬಳಿ ಹೋದೆ. ಆ ವರ್ಷ ಅವನು ಪರೀಕ್ಷೆ ಬರೆಯಲಿಲ್ಲ. ಮುಂದಿನ ವರ್ಷ ಬರೆದ.

ಆ ಹುಡುಗಿ ಗಣಿತದ ಪರೀಕ್ಷೆ ಮುಗಿಸಿ ನೇರ ನನ್ನ ಕೋಣೆಗೆ ಬಂದಳು. ಅಂಗೈ ಇನ್ನೂ ಬೆವರಿತ್ತು. "ಮೂರನೇದ್ರಲ್ಲಿ ಬ್ಲ್ಯಾಂಕ್ ಆಯ್ತು ಮಿಸ್. ಪೆನ್ ಇಟ್ಟೆ, ಉಸಿರು ಬಿಟ್ಟೆ, ನಾಲ್ಕಕ್ಕೆ ಹೋದೆ. ವಾಪಸ್ ಬಂದಾಗ ಮೂರನೇದು ಬಂತು."