ಟೊರಾಂಟೊಗೆ ಹೊಸಬರೇ? ಹಸಿರು ಡಬ್ಬಿಯಿಂದ ಶುರು ಮಾಡಿ

ಟೊರಾಂಟೊದಲ್ಲಿ ಮನೆ ಮಾಡಿದ ಮೊದಲ ವಾರ ನಾನು ಪಕ್ಕದ ಊರಾದ ಬ್ರಾಂಪ್ಟನ್‌ನಲ್ಲಿದ್ದ ಗೆಳೆಯನಿಗೆ ಫೋನ್ ಮಾಡಿ ಕಸದ ವಿಷಯ ಕೇಳಿದೆ. (ಹಸಿರು ಡಬ್ಬಿ ಅಂದರೆ ಇಲ್ಲಿ ಹಸಿ ಕಸದ ಡಬ್ಬಿ.) "ಹಸಿರು ಡಬ್ಬಿಗೆ ಪ್ಲಾಸ್ಟಿಕ್ ಚೀಲ ಹಾಕ್ಬೇಡ ಮಾರಾಯ, ಕಾಂಪೋಸ್ಟ್ ಆಗೋ ಚೀಲನೇ ತಗೊ" ಅಂದ. ಒಂದು ವರ್ಷ ಆ ದುಬಾರಿ ಚೀಲ ಕೊಂಡೆ. ಅವನು ಹೇಳಿದ್ದು ಸುಳ್ಳಲ್ಲ, ಅವನ ಊರಿಗೆ ಅದೇ ಸರಿ. ಆದರೆ ಟೊರಾಂಟೊದಲ್ಲಿ ಮಾಮೂಲಿ ಪ್ಲಾಸ್ಟಿಕ್ ಚೀಲವೇ ನಡೆಯುತ್ತದೆ.

ಇದನ್ನು ಮೊದಲೇ ಹೇಳಲು ಕಾರಣವಿದೆ. ಇಲ್ಲಿ ನಮ್ಮ ಮನೆಯ ಕಸ, ಚೀಲ, ಹುಲ್ಲು ಈ ಮೂರಕ್ಕೂ ಯಜಮಾನರು ಬೇರೆ ಬೇರೆ. ಹಸಿರು ಡಬ್ಬಿಯ ನಿಯಮ ಸಿಟಿಯದು. ಪ್ಲಾಸ್ಟಿಕ್ ನಿಷೇಧ ಒಟ್ಟಾವದಲ್ಲಿರುವ ಕೇಂದ್ರ ಸರ್ಕಾರದ್ದು. ಅಂಗಳಕ್ಕೆ ಕಳೆ-ಕೀಟದ ಔಷಧಿ ಹೊಡೆಯಬಾರದು ಅನ್ನುವುದು ಒಂಟಾರಿಯೊ ಪ್ರಾಂತ್ಯದ ಕಾನೂನು. ಹಾಗಾಗಿ ಪಕ್ಕದ ಊರಿನವರ ಸಲಹೆ ಒಂದರಲ್ಲಿ ಸರಿಯಿದ್ದು ಇನ್ನೊಂದರಲ್ಲಿ ಕೈಕೊಡುತ್ತದೆ.

ಬೆಂಗಳೂರಿನಿಂದ ಬಂದವರಿಗೆ ಹಸಿ ಕಸ, ಒಣ ಕಸ ಹೊಸದಲ್ಲ. ಹೈಕೋರ್ಟ್ 2015ರ ಕೊನೆಯಲ್ಲಿ ಆದೇಶ ಕೊಟ್ಟ ಮೇಲೆ ಎರಡು ಡಬ್ಬಿ, ಒಂದು ಚೀಲ ಅಂತ ಶುರುವಾಯಿತಲ್ಲ, ಆ ಅಭ್ಯಾಸ ಇಲ್ಲಿ ಕೈ ಹಿಡಿಯುತ್ತದೆ. ಎಡವುವುದು ಡೈಪರ್ ವಿಷಯದಲ್ಲಿ. ಅಲ್ಲಿ ಪೇಪರಿನಲ್ಲಿ ಸುತ್ತಿ, ಕೆಂಪು ಗುರುತು ಹಾಕಿ ಬೇರೆ ಕೊಡಬೇಕು. ಇಲ್ಲಿ ಡೈಪರ್, ಸ್ಯಾನಿಟರಿ ಪ್ಯಾಡ್, ನಾಯಿ-ಬೆಕ್ಕಿನ ಗಲೀಜು ಎಲ್ಲವೂ ನೇರ ಹಸಿರು ಡಬ್ಬಿಗೆ. ನನ್ನ ಹೆಂಡತಿ ಇದನ್ನು ಮೂರು ಸಲ ಓದಿದ ಮೇಲೇ ನಂಬಿದ್ದು.

ಇದು ಹೇಗೆ ಸಾಧ್ಯ ಅಂತ ತಿಳಿದರೆ ಉಳಿದ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಡಿಸ್ಕೊ ರಸ್ತೆಯಲ್ಲಿ ಒಂದು, ಡಫರಿನ್‌ನಲ್ಲಿ ಒಂದು, ಹೀಗೆ ಸಿಟಿಗೆ ಎರಡು ಘಟಕಗಳಿವೆ. ಅಲ್ಲಿ ಹಸಿ ಕಸವನ್ನು ದೊಡ್ಡ ತೊಟ್ಟಿಗೆ ಹಾಕಿ, ನೀರು ಬಿಟ್ಟು ರುಬ್ಬುತ್ತಾರೆ. ಪ್ಲಾಸ್ಟಿಕ್ ಮೇಲೆ ತೇಲುತ್ತದೆ, ಅದನ್ನು ಬಾಚಿ ತೆಗೆಯುತ್ತಾರೆ. ಗಾಜು, ಕಲ್ಲು ತಳ ಸೇರುತ್ತವೆ. ನಡುವೆ ಉಳಿದ ದೋಸೆ ಹಿಟ್ಟಿನಂಥದ್ದು ಗಾಳಿಯಾಡದ ಟ್ಯಾಂಕಿಗೆ ಹೋಗಿ ಗ್ಯಾಸ್ ಕೊಡುತ್ತದೆ. ನಮ್ಮೂರ ಗೋಬರ್ ಗ್ಯಾಸ್ ಗುಂಡಿಯ ದೊಡ್ಡಣ್ಣ ಅಂದುಕೊಳ್ಳಿ. ಉಳಿದ ಗಟ್ಟಿ ಭಾಗ ಗೊಬ್ಬರವಾಗುತ್ತದೆ.

ಹೀಗಾಗಿ ಡೈಪರಿನ ಪ್ಲಾಸ್ಟಿಕ್ ಅವರಿಗೆ ತಲೆನೋವಲ್ಲ. ತಮಾಷೆ ಏನಂದರೆ, "ಕಾಂಪೋಸ್ಟಬಲ್" ಅಂತ ಬರೆದ ಕಾಫಿ ಲೋಟ, ಕಾಫಿ ಯಂತ್ರಕ್ಕೆ ಹಾಕುವ ಪಾಡ್, ಚಮಚ ಇಲ್ಲಿ ಹಸಿರು ಡಬ್ಬಿಗೆ ಹಾಕುವ ಹಾಗಿಲ್ಲ. ಅವು ಕಸದ ಡಬ್ಬಿಗೇ. ಅಲ್ಲಿಂದ ಸುಮಾರು 200 ಕಿ.ಮೀ. ದೂರದ, ಲಂಡನ್ ಊರಿನ ಹತ್ತಿರವಿರುವ ಗ್ರೀನ್ ಲೇನ್ ಕಸದ ಗುಂಡಿಗೆ ಪ್ರಯಾಣ. (ಲಂಡನ್ ಅಂದರೆ ಒಂಟಾರಿಯೊದ ಲಂಡನ್. ನಮ್ಮಮ್ಮ ಗಾಬರಿಯಾಗಿದ್ದರು.)

ಹಾಗಾದರೆ ನಮ್ಮ ಅಡುಗೆಮನೆಯಿಂದ ಏನೇನು? ಕಾಫಿ ಫಿಲ್ಟರಿನ ಗಸಿ, ಹುಣಸೆ ನಾರು, ನುಗ್ಗೆಕಾಯಿ ಜಗಿದ ಸಿಪ್ಪೆ, ಹಳಸಿದ ಅನ್ನ, ಮೀನಿನ ಮುಳ್ಳು, ಎಣ್ಣೆ ಒರೆಸಿದ ಪೇಪರ್ ಟವೆಲ್ ಎಲ್ಲ ಸೈ. ಬಜ್ಜಿ ಕರಿದ ಎಣ್ಣೆಯನ್ನು ಮಾತ್ರ ಸಿಂಕಿಗೆ ಸುರಿಯಬೇಡಿ. ಅನುಮಾನ ಬಂದರೆ ಸಿಟಿಯ ವೆಬ್‌ಸೈಟಿನಲ್ಲಿ ವೇಸ್ಟ್ ವಿಝರ್ಡ್ ಅಂತ ಇದೆ. ವಸ್ತುವಿನ ಹೆಸರು ಟೈಪ್ ಮಾಡಿದರೆ ಯಾವ ಡಬ್ಬಿ ಅಂತ ಹೇಳುತ್ತದೆ. ಇಲ್ಲದಿದ್ದರೆ ಸಿಟಿಯ ಸಹಾಯವಾಣಿ 311ಕ್ಕೆ ಫೋನ್ ಮಾಡಿ.

ಚೀಲಕ್ಕೆ ನಾನು ಬಳಸುವುದು ಹಾಲಿನ ಹೊರಚೀಲ. ಇಲ್ಲಿ 4 ಲೀಟರ್ ಹಾಲು ಒಂದು ದೊಡ್ಡ ಚೀಲದೊಳಗೆ ಮೂರು ಪ್ಯಾಕೆಟ್ ಆಗಿ ಬರುತ್ತದೆ. ನಂದಿನಿ ಪ್ಯಾಕೆಟ್ ಕತ್ತರಿಸಿ ಬೆಳೆದವರಿಗೆ ಮೊದಲ ದಿನವೇ ಊರಿನ ನೆನಪು ಬರುತ್ತದೆ.

ಹಸಿರು ಡಬ್ಬಿ ವಾರಕ್ಕೊಮ್ಮೆ ಖಾಲಿಯಾಗುತ್ತದೆ, ಕಸದ ಡಬ್ಬಿ ಎರಡು ವಾರಕ್ಕೊಮ್ಮೆ. ಕಸದ ಡಬ್ಬಿ ದೊಡ್ಡದಾದಷ್ಟೂ ಶುಲ್ಕ ಜಾಸ್ತಿ. ಆದ್ದರಿಂದ ಸರಿಯಾಗಿ ವಿಂಗಡಿಸಿದರೆ ಸಣ್ಣ ಡಬ್ಬಿಯೇ ಸಾಕು, ದುಡ್ಡೂ ಉಳಿಯುತ್ತದೆ. ಹಿಂದಿನ ರಾತ್ರಿ 8ರ ಮೇಲೆ, ಬೆಳಿಗ್ಗೆ 7ರ ಒಳಗೆ ರಸ್ತೆ ಬದಿಗೆ ಇಡಬೇಕು. ಇಡುವಾಗ ಮುಚ್ಚಳದ ಹಿಡಿಯನ್ನು ಪೂರ್ತಿ ತಿರುಗಿಸಿ. 2016ರಿಂದ ಕೊಡುತ್ತಿರುವ ಈ ಡಬ್ಬಿಗಳನ್ನು ರಕೂನ್ (ರಾತ್ರಿ ಕಸ ಕೆದಕಲು ಬರುವ, ಕಣ್ಣಿನ ಸುತ್ತ ಕಪ್ಪು ಪಟ್ಟಿಯ ಪ್ರಾಣಿ) ತೆಗೆಯಬಾರದು ಅಂತಲೇ ಮಾಡಿದ್ದಾರೆ. ಒಮ್ಮೆ ನಾನು ಹಿಡಿಯನ್ನು ಅರ್ಧಕ್ಕೇ ಬಿಟ್ಟೆ. ಬೆಳಿಗ್ಗೆ ನೋಡಿದರೆ ಡ್ರೈವ್‌ವೇ ತುಂಬ ಬಿಸಿಬೇಳೆಬಾತ್. ಬೇಲಿಯ ಮೇಲೆ ಕಣ್ಣಿಗೆ ಕಪ್ಪು ಪಟ್ಟಿ ಬಳಿದುಕೊಂಡ ಕಳ್ಳ ಕೂತು ಕೈ ನೆಕ್ಕಿಕೊಳ್ಳುತ್ತಿದ್ದ. ಬೇಸಿಗೆಯಲ್ಲಿ ವಾಸನೆ ತಡೆಯದಿದ್ದರೆ ಸಿಪ್ಪೆಗಳನ್ನು ಫ್ರೀಜರಿನಲ್ಲಿಟ್ಟು ಕಸದ ದಿನ ಮಾತ್ರ ಹೊರಗೆ ಹಾಕಿ.

ಪ್ಲಾಸ್ಟಿಕ್ ವಿಷಯ ಸುಲಭ. 2023ರ ಡಿಸೆಂಬರ್ 20ರಿಂದ ದೇಶದಾದ್ಯಂತ ಅಂಗಡಿಯ ಪ್ಲಾಸ್ಟಿಕ್ ಕೈಚೀಲ, ಚಮಚ-ಫೋರ್ಕ್, ಕಾಫಿ ಕಲಕುವ ಕಡ್ಡಿ, ಥರ್ಮೊಕೋಲ್ ಊಟದ ಡಬ್ಬಿ ಮಾರುವ ಹಾಗಿಲ್ಲ. ತರಕಾರಿ ತುಂಬುವ ತೆಳು ಚೀಲ, ಕಸದ ಚೀಲ ಈಗಲೂ ಸಿಗುತ್ತವೆ. ಟೊರಾಂಟೊ ಇದರ ಮೇಲೆ ತನ್ನದೂ ಒಂದು ನಿಯಮ ಸೇರಿಸಿದೆ. 2024ರ ಮಾರ್ಚ್ 1ರಿಂದ ಹೋಟೆಲಿನವರು ನೀವು ಕೇಳದೆ ಚಮಚ, ಸಾಸ್ ಪೊಟ್ಟಣ ಕೊಡುವಂತಿಲ್ಲ. ಪಾರ್ಸೆಲ್ ತಂದು ಮನೆಯಲ್ಲಿ ಚಮಚ ಹುಡುಕಿ ಬೈದುಕೊಳ್ಳಬೇಡಿ, ಮೊದಲೇ ಕೇಳಿ. ಕಾರಿನಲ್ಲಿ ನಾಲ್ಕು ಬಟ್ಟೆ ಚೀಲ ಇರಲಿ. ಯುಗಾದಿ ಊಟಕ್ಕೆ ನಾವಂತೂ ಸ್ಕಾರ್ಬರೊದ ತಮಿಳರ ಅಂಗಡಿಯಿಂದ ಬಾಳೆ ಎಲೆ ತರುತ್ತೇವೆ. ಉಂಡ ಎಲೆಯೂ ಹಸಿರು ಡಬ್ಬಿಗೆ.

ಇನ್ನು ಅಂಗಳ. ಬಾಡಿಗೆಯ ಅಪಾರ್ಟ್‌ಮೆಂಟಿನಿಂದ ಸ್ವಂತ ಮನೆಗೆ ಹೋದವರಿಗೆ ನಿಜವಾದ ಪರೀಕ್ಷೆ ಇದೇ.

ನಮ್ಮಪ್ಪ ತಿಪಟೂರು ಕಡೆಯ ರೈತರು. ಒಂದು ಮೇ ತಿಂಗಳು ಇಲ್ಲಿಗೆ ಬಂದಿದ್ದರು. ಹುಲ್ಲಿನ ತುಂಬ ಡ್ಯಾಂಡಿಲಿಯನ್ ಅನ್ನುವ ಕಳೆಯ ಹಳದಿ ಹೂವು. "ಒಂದು ಸ್ಪ್ರೇ ಹೊಡಿ, ಮುಗೀತು" ಅಂದರು. "ಹೊಡೆಯೋ ಹಾಗಿಲ್ಲಪ್ಪ, ಕಾನೂನು." ಅವರಿಗೆ ನಂಬಿಕೆಯಾಗಲಿಲ್ಲ. "ಹೊಲಕ್ಕೆ ಬಿಡ್ತಾರಾ?" "ಬಿಡ್ತಾರೆ." "ಹೊಟ್ಟೆಗೆ ತಿನ್ನೋದಕ್ಕೆ ಹೊಡೀಬಹುದು, ನೋಡೋ ಹುಲ್ಲಿಗೆ ಹೊಡೀಬಾರದು, ಅಲ್ವಾ?"

ಅವರು ಅಣಕಿಸಿದ್ದು, ಆದರೆ ಕಾನೂನು ಇರುವುದೇ ಹಾಗೆ. ಬರೀ ಅಂದಕ್ಕಾಗಿ ಔಷಧಿ ಬೇಡ ಅನ್ನುವುದು ಅದರ ತಿರುಳು. ಕ್ವಿಬೆಕ್‌ನ ಹಡ್ಸನ್ ಎಂಬ ಸಣ್ಣ ಊರು 1991ರಲ್ಲಿ ಇದನ್ನು ಶುರು ಮಾಡಿತು. ಔಷಧಿ ಹೊಡೆಯುವ ಕಂಪನಿಗಳು ಕೋರ್ಟಿಗೆ ಹೋದವು, 2001ರಲ್ಲಿ ಸುಪ್ರೀಂ ಕೋರ್ಟ್ ಊರಿನ ಪರ ತೀರ್ಪು ಕೊಟ್ಟಿತು. ಆಮೇಲೆ ಟೊರಾಂಟೊ 2004ರಲ್ಲಿ ತನ್ನದೇ ನಿಯಮ ತಂದಿತು. 2009ರ ಏಪ್ರಿಲ್ 22ರಿಂದ ಇಡೀ ಒಂಟಾರಿಯೊಗೆ ಒಂದೇ ಕಾನೂನು. ಕೃಷಿ, ಅರಣ್ಯಕ್ಕೆ ವಿನಾಯಿತಿ ಇದೆ. ಮುಟ್ಟಿದರೆ ಮೈ ಸುಡುವ ಪಾಯ್ಸನ್ ಐವಿಯಂಥ ಗಿಡಕ್ಕೂ ಇದೆ. 2,4-ಡಿ ಅನ್ನುವ ಕಳೆನಾಶಕ ಬೆರೆಸಿದ ಹುಲ್ಲಿನ ಗೊಬ್ಬರವನ್ನು ಅಮೆರಿಕದಿಂದ ಕಾರಿನಲ್ಲಿ ತರುವ ಯೋಚನೆಯೂ ಬೇಡ. ಊರಿಂದ ಜಿರಳೆ ಚಾಕ್‌ಪೀಸ್ ತರುವುದಂತೂ ಬೇಡವೇ ಬೇಡ. ಇಲ್ಲಿ ನೋಂದಣಿಯಾಗದ ಕೀಟನಾಶಕ ಬಳಸುವುದು ತಪ್ಪು, ಮಕ್ಕಳಿಗೆ ಅದು ಬಳಪದ ಹಾಗೇ ಕಾಣುತ್ತದೆ.

ಹಾಗಂತ ಹುಲ್ಲನ್ನು ಸುಮ್ನೆ ಬಿಡುವ ಹಾಗೂ ಇಲ್ಲ. 20 ಸೆಂ.ಮೀ. ದಾಟಿದರೆ ಸಿಟಿಯಿಂದ ನೋಟಿಸ್ ಬರಬಹುದು. ಅಂಗಡಿಯಲ್ಲಿ ಸಿಗುವ ಕಬ್ಬಿಣದಂಶದ ಕಳೆನಾಶಕಕ್ಕೆ ಅನುಮತಿ ಇದೆ. ಕಳೆಯ ಎಲೆ ಕಪ್ಪಾಗುತ್ತದೆ, ಹುಲ್ಲು ಉಳಿಯುತ್ತದೆ. ಅಸಿಟಿಕ್ ಆಮ್ಲದ್ದು ಹುಲ್ಲನ್ನೂ ಸುಡುತ್ತದೆ, ಅದು ಇಟ್ಟಿಗೆ ಸಂದಿಗೆ ಸರಿ. ನನ್ನ ಮಟ್ಟಿಗೆ ಮಳೆ ಬಂದ ಮರುದಿನ ಕೀಳುವುದೇ ವಾಸಿ. ಡ್ಯಾಂಡಿಲಿಯನ್ ಬೇರು ಮೂಲಂಗಿಯ ಹಾಗೆ ಆಳಕ್ಕೆ ಇಳಿದಿರುತ್ತದೆ, ತುಂಡಾದರೆ ಮತ್ತೆ ಚಿಗುರುತ್ತದೆ. ಅಪ್ಪ ಅಡುಗೆಮನೆಯ ಹಳೇ ಚಾಕು ಹಿಡಿದು ಎರಡು ಸಂಜೆಯಲ್ಲಿ ಮುಗಿಸಿದರು. ಅಮ್ಮ ಎಳೆ ಎಲೆ ಆರಿಸಿ ಸೊಪ್ಪಿನ ಸಾರು ಮಾಡಿದರು. ಕಹಿ ಸ್ವಲ್ಪ ಜಾಸ್ತಿ.

ಕತ್ತರಿಸಿದ ಹುಲ್ಲನ್ನು ಸಿಟಿ ಒಯ್ಯುವುದಿಲ್ಲ, ಅಲ್ಲೇ ಬಿಡಿ, ಅದೇ ಗೊಬ್ಬರ. ತರಗೆಲೆಯನ್ನು ಕಂದು ಕಾಗದದ ಚೀಲಕ್ಕೆ ತುಂಬಿ ಇಡಿ, ಪ್ಲಾಸ್ಟಿಕ್ ಚೀಲ ಇದಕ್ಕೆ ನಡೆಯದು.

ಹಳೇ ಮನೆ ಕೊಂಡಿದ್ದರೆ ಗ್ಯಾರೇಜಿನ ಮೂಲೆ ನೋಡಿ. ಹಿಂದಿನವರು ಬಿಟ್ಟ ಕಳೆ-ಕೀಟದ ಔಷಧಿ ಬಾಟಲಿ ಸಿಕ್ಕೇ ಸಿಗುತ್ತದೆ. ಅದನ್ನು ಕಸಕ್ಕೂ ಹಾಕಬೇಡಿ, ಚರಂಡಿಗೂ ಸುರಿಯಬೇಡಿ. ಸಿಟಿ ನಡೆಸುವ ಕಮ್ಯುನಿಟಿ ಎನ್ವಿರಾನ್‌ಮೆಂಟ್ ಡೇಗೆ ಒಯ್ಯಿರಿ. ಅಲ್ಲೇ ಗೊಬ್ಬರವನ್ನೂ ಪುಕ್ಕಟೆ ಕೊಡುತ್ತಾರೆ. ಬಕೆಟ್, ಸಲಿಕೆ ಮನೆಯಿಂದಲೇ ತೆಗೆದುಕೊಂಡು ಹೋಗಿ.